ಪಾಲಿಕೆಯ ಲೆಕ್ಕಪತ್ರ ಬಯಲಾದರೆ ವ್ಯಾಪಾರಕ್ಕೆ ಏನು ಲಾಭ?

ಪ್ರಶ್ನೆ: ನಾವು ಸಣ್ಣ ವ್ಯಾಪಾರಿಗಳ ಸಂಘ ನಡೆಸುತ್ತಿದ್ದೇವೆ. ನಮ್ಮ ನಗರಾಡಳಿತ ಈಚೆಗೆ ಬಜೆಟ್, ಟೆಂಡರ್, ಸಭೆಯ ನಡಾವಳಿ ಎಲ್ಲವನ್ನೂ ವೆಬ್‌ಸೈಟಿನಲ್ಲಿ ಹಾಕಲು ಶುರು ಮಾಡಿದೆ. ಇದರಿಂದ ಊರಿನ ವ್ಯಾಪಾರ ಬೆಳೆಯುತ್ತದೆ ಅಂತ ಅಧಿಕಾರಿಗಳು ಹೇಳುತ್ತಾರೆ. ನಮ್ಮ ಸದಸ್ಯರಿಗೆ ನಂಬಿಕೆ ಬರುತ್ತಿಲ್ಲ. "ಅವರ ಲೆಕ್ಕ ಓದಿಕೊಂಡು ನಾವೇನು ಮಾಡೋದು, ನಮ್ಮ ಲೆಕ್ಕ ನೋಡಿಕೊಳ್ಳೋದಕ್ಕೇ ಪುರುಸೊತ್ತಿಲ್ಲ" ಅನ್ನುತ್ತಾರೆ. ಪಾರದರ್ಶಕತೆಗೂ ವ್ಯಾಪಾರದ ಬೆಳವಣಿಗೆಗೂ ನಿಜವಾಗಿ ಸಂಬಂಧ ಇದೆಯೇ? ಇದ್ದರೆ ನಾವು ಕೇಳಬೇಕಾದದ್ದು ಏನು?

ಉತ್ತರ: ಸಂಬಂಧ ಇದೆ, ಅದೂ ನೇರವಾದ ಸಂಬಂಧ. ಆದರೆ ನಿಮ್ಮ ಸದಸ್ಯರ ಅನುಮಾನದಲ್ಲೂ ಹುರುಳಿದೆ. ಬಜೆಟ್ ಪುಸ್ತಕವನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸಿದ ಮಾತ್ರಕ್ಕೆ ಯಾರ ಗಲ್ಲಾಪೆಟ್ಟಿಗೆಯೂ ತುಂಬುವುದಿಲ್ಲ. ಹಾಗಾಗಿ ಮೊದಲು ಒಂದು ಅಳತೆಗೋಲು ಕೊಡುತ್ತೇನೆ. ಪಾಲಿಕೆ ಏನನ್ನೇ ಬಹಿರಂಗ ಮಾಡಲಿ, ಒಂದೇ ಪ್ರಶ್ನೆ ಕೇಳಿ: ಇದು ನಮಗೆ ತೀರ್ಮಾನಕ್ಕೆ ಮುಂಚೆ ಗೊತ್ತಾಯಿತೋ, ಆಮೇಲೆ ಗೊತ್ತಾಯಿತೋ? ವ್ಯಾಪಾರ ಬೆಳೆಸುವುದು ಮುಂಚೆ ಸಿಕ್ಕ ಮಾಹಿತಿ. ಆಮೇಲೆ ಸಿಕ್ಕಿದ್ದು ಲೆಕ್ಕಪರಿಶೋಧನೆಗೆ, ಪತ್ರಿಕೆಗಳಿಗೆ, ನ್ಯಾಯಾಲಯಕ್ಕೆ ಬೇಕು. ಅದೂ ದೊಡ್ಡದೇ. ಆದರೆ ನಾಳೆ ಬಾಗಿಲು ತೆಗೆಯಬೇಕಾದವರಿಗೆ ಅದರಿಂದ ತಕ್ಷಣಕ್ಕೆ ಏನೂ ದಕ್ಕುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಡಳಿತ ಮುಚ್ಚಿಕೊಂಡಿದ್ದರೆ ದೊಡ್ಡ ಕಂಪನಿಗೆ ಅಷ್ಟೇನೂ ತೊಂದರೆಯಿಲ್ಲ. ಒಳಗಿನ ಸುದ್ದಿ ತರಲು ಅವರಿಗೆ ವಕೀಲರಿದ್ದಾರೆ, ಕನ್ಸಲ್ಟೆಂಟ್‌ಗಳಿದ್ದಾರೆ, ದಿನವಿಡೀ ಕಚೇರಿ ಸುತ್ತುವುದಕ್ಕೇ ಸಂಬಳಕ್ಕಿಟ್ಟ ಜನ ಇದ್ದಾರೆ. ಮಾಹಿತಿಯನ್ನು ಅವರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಸಣ್ಣ ವ್ಯಾಪಾರಿಗೆ ಆ ಶಕ್ತಿ ಇಲ್ಲ. ಅವರು ಕಚೇರಿಗೆ ಹೋದ ದಿನ ಅಂಗಡಿ ಮುಚ್ಚಿರುತ್ತದೆ, ಅಲ್ವಾ? ಹಾಗಾಗಿ ಪಾರದರ್ಶಕತೆಯಿಂದ ಎಲ್ಲರಿಗೂ ಸಮಾನ ಲಾಭ ಅನ್ನುವುದು ಅಷ್ಟು ಸರಿಯಲ್ಲ. ಸಣ್ಣವರಿಗೆ, ಹೊಸಬರಿಗೆ ಅದರಿಂದ ಲಾಭ ಜಾಸ್ತಿ. ಈಗಾಗಲೇ ಒಳಗೆ ಪರಿಚಯ ಇರುವವರಿಗೆ ನಷ್ಟವೂ ಆಗಬಹುದು. ಬಹಳ ನಗರಗಳಲ್ಲಿ ಇದಕ್ಕೆ ಒಳಗೊಳಗೇ ವಿರೋಧ ಬರುವುದು ಇದೇ ಕಾರಣಕ್ಕೆ.

ಪರವಾನಗಿಯಿಂದಲೇ ಶುರು ಮಾಡೋಣ. ನಿಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಪಾಲಿಕೆ ಅಂದರೆ ಲೈಸೆನ್ಸ್ ಕೊಡುವ ಕಚೇರಿ. 1983ರಲ್ಲಿ ಪೆರು ದೇಶದ ಲಿಮಾ ನಗರದಲ್ಲಿ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೊಟೊ ಅವರ ಸಂಸ್ಥೆ ಒಂದು ಪ್ರಯೋಗ ಮಾಡಿತು. ನಗರದ ಅಂಚಿನಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟು ಒಂದು ಸಣ್ಣ ಬಟ್ಟೆ ತಯಾರಿಕೆ ಘಟಕ ಸಿದ್ಧ ಮಾಡಿದರು. ಕಾನೂನು ಹೇಳಿದ ಹಾಗೇ ಅದಕ್ಕೆ ಅನುಮತಿ ಪಡೆಯಲು ಹೊರಟರು. ಲಂಚ ಕೊಡಬಾರದು, ಅದಿಲ್ಲದೆ ಪ್ರಯೋಗವೇ ನಿಂತುಹೋಗುವಂತಿದ್ದರೆ ಮಾತ್ರ ಕೊಡಬೇಕು ಅಂತ ನಿಯಮ ಹಾಕಿಕೊಂಡಿದ್ದರು. ಎಲ್ಲ ಅನುಮತಿ ಕೈಗೆ ಬರುವ ಹೊತ್ತಿಗೆ 289 ದಿನ ಕಳೆದಿತ್ತು. 10 ಸಲ ಲಂಚ ಕೇಳಿದರು. 2 ಸಲ ಕೊಡದೆ ವಿಧಿ ಇರಲಿಲ್ಲ.

ಆ 289 ದಿನವನ್ನು ಒಬ್ಬ ಸಾಮಾನ್ಯ ಮನುಷ್ಯನ ಲೆಕ್ಕಕ್ಕೆ ಇಳಿಸಿ ನೋಡಿ. ಜಾಗಕ್ಕೆ ಬಾಡಿಗೆ ಹೋಗುತ್ತಲೇ ಇರುತ್ತದೆ. ಯಂತ್ರಕ್ಕೆ ತಂದ ಸಾಲದ ಬಡ್ಡಿ ನಿಲ್ಲುವುದಿಲ್ಲ. ಕೆಲಸಕ್ಕೆ ಗೊತ್ತು ಮಾಡಿದ ಇಬ್ಬರು ಬೇರೆ ಕಡೆ ಹೋಗಿರುತ್ತಾರೆ. ಇಷ್ಟೆಲ್ಲ ತಡೆದುಕೊಳ್ಳುವ ಬದಲು ಜನ ಏನು ಮಾಡುತ್ತಾರೆ? ಲೈಸೆನ್ಸ್ ಗೊಡವೆಯೇ ಬೇಡ ಅಂತ ಸುಮ್ನೆ ಶುರು ಮಾಡಿಬಿಡುತ್ತಾರೆ. ಆಮೇಲೆ ಬ್ಯಾಂಕ್ ಸಾಲ ಸಿಗುವುದಿಲ್ಲ, ದೊಡ್ಡ ಗಿರಾಕಿಗೆ ಬಿಲ್ ಕೊಡಲು ಆಗುವುದಿಲ್ಲ, ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ಎದೆ ಡವಡವ. ವ್ಯಾಪಾರ ಚೆನ್ನಾಗಿ ನಡೆದರೂ ಬೇಕಂತಲೇ ಚಿಕ್ಕದಾಗಿ ಇಟ್ಟುಕೊಳ್ಳುತ್ತಾರೆ. ಬೆಳೆದರೆ ಕಣ್ಣಿಗೆ ಬೀಳುತ್ತೇವೆ ಅನ್ನುವ ಹೆದರಿಕೆ. ಬೆಳವಣಿಗೆಗೆ ಅಡ್ಡ ನಿಲ್ಲುವುದು ಬಂಡವಾಳದ ಕೊರತೆಯೇ ಅಂತ ಎಲ್ಲರೂ ಹೇಳುತ್ತಾರೆ. ಈ ಹೆದರಿಕೆಯ ಪಾಲು ಎಷ್ಟಿದೆ ಅಂತ ಕೇಳುವವರು ಕಡಿಮೆ.

"ಸ್ವಲ್ಪ ಕೈಬಿಸಿ ಮಾಡಿದರೆ ಕೆಲಸ ಬೇಗ ಆಗುತ್ತದೆ, ಅದರಲ್ಲೇನು ತಪ್ಪು" ಅನ್ನುವ ವಾದ ನಿಮ್ಮ ಸಂಘದಲ್ಲೂ ಬಂದಿರಬಹುದು. ಅದು ನಿಜವೇ ಅಂತ ಪರೀಕ್ಷಿಸಿದವರಿದ್ದಾರೆ. ಡೇನಿಯಲ್ ಕೌಫ್‌ಮನ್ ಮತ್ತು ಶಾಂಗ್-ಜಿನ್ ವೇ 1999ರಲ್ಲಿ ಹಲವು ದೇಶಗಳ ಕಂಪನಿಗಳ ಸಮೀಕ್ಷೆಯನ್ನು ಇಟ್ಟುಕೊಂಡು ನೋಡಿದರು. ಜಾಸ್ತಿ ಲಂಚ ಕೊಡುವ ಕಂಪನಿಗಳೇ ಅಧಿಕಾರಿಗಳ ಜೊತೆ ಜಾಸ್ತಿ ಸಮಯ ಕಳೆಯುತ್ತಿದ್ದವು. ಕಾರಣ ಊಹಿಸುವುದು ಕಷ್ಟವಲ್ಲ. ಒಮ್ಮೆ ಕೊಟ್ಟವರು ಇನ್ನೊಮ್ಮೆಯೂ ಕೊಡುತ್ತಾರೆ ಅಂತ ಗೊತ್ತಾದರೆ ತಡೆ ಒಡ್ಡುವುದರಲ್ಲೇ ಲಾಭ ಇರುತ್ತದೆ. ಉಗಾಂಡದ ಕಂಪನಿಗಳನ್ನು ಅಧ್ಯಯನ ಮಾಡಿದ ರೇಮಂಡ್ ಫಿಸ್ಮನ್ ಮತ್ತು ಯಾಕೊಬ್ ಸ್ವೆನ್ಸನ್ 2007ರಲ್ಲಿ ಇನ್ನೂ ಗಟ್ಟಿಯಾದ ಲೆಕ್ಕ ಕೊಟ್ಟರು. ಕಂಪನಿಯ ಮಾರಾಟಕ್ಕೆ ಹೋಲಿಸಿದರೆ ಲಂಚದ ಪಾಲು ಶೇಕಡಾ 1 ಅಂಶದಷ್ಟು ಏರಿದಲ್ಲಿ ಬೆಳವಣಿಗೆ ದರ ಸುಮಾರು ಶೇಕಡಾ 3 ಅಂಶದಷ್ಟು ಕಡಿಮೆ ಇತ್ತು. ಅಷ್ಟೇ ತೆರಿಗೆಯಿಂದ ಆಗುವ ಹೊಡೆತದ ಸುಮಾರು ಮೂರು ಪಟ್ಟು ಇದು. ತೆರಿಗೆ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ, ಕಟ್ಟಿದ್ದಕ್ಕೆ ರಸೀದಿ ಸಿಗುತ್ತದೆ, ಮತ್ತೆ ಬಂದು ಕೇಳುವುದಿಲ್ಲ. ಲಂಚಕ್ಕೆ ಈ ಮೂರೂ ಇಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ದಕ್ಷಿಣ ಕೊರಿಯಾದ ಸೋಲ್ ನಗರದ್ದು. 1999ರಲ್ಲಿ ಗೋ ಕುನ್ ಮೇಯರ್ ಆಗಿದ್ದಾಗ ಅಲ್ಲಿ ಓಪನ್ ಅನ್ನುವ ವ್ಯವಸ್ಥೆ ತಂದರು. ಕಟ್ಟಡ, ವಸತಿ, ನಗರ ಯೋಜನೆ, ನೈರ್ಮಲ್ಯದಂಥ ದೂರು ಹೆಚ್ಚಿದ್ದ ಕೆಲಸಗಳನ್ನೇ ಮೊದಲು ಆರಿಸಿಕೊಂಡರು. ಅರ್ಜಿ ಕೊಟ್ಟವರು ಇಂಟರ್ನೆಟ್‌ನಲ್ಲಿ ನೋಡಿದರೆ ಫೈಲ್ ಈಗ ಯಾರ ಮೇಜಿನ ಮೇಲಿದೆ, ಆ ಅಧಿಕಾರಿಯ ಹೆಸರೇನು, ಯಾವ ದಿನ ಏನು ಮಾಡಿದರು, ಮುಂದೆ ಎಲ್ಲಿಗೆ ಹೋಗುತ್ತದೆ, ಯಾವಾಗ ಮುಗಿಯುತ್ತದೆ ಎಲ್ಲ ಕಾಣುತ್ತಿತ್ತು. ತಿರಸ್ಕಾರವಾದರೆ ಕಾರಣ ಕಾಣುತ್ತಿತ್ತು. 50ಕ್ಕೂ ಹೆಚ್ಚು ಬಗೆಯ ಅರ್ಜಿಗಳಿಗೆ ಇದು ವಿಸ್ತಾರವಾಯಿತು.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಫೈಲ್ ನಿಂತಿರುವ ಜಾಗ ಕಂಡರೆ ಅದನ್ನು ನಿಲ್ಲಿಸಿ ದುಡ್ಡು ಕೇಳುವುದು ಕಷ್ಟ. ಯಾಕೆಂದರೆ ನಿಲ್ಲಿಸಿದ್ದು ಮೇಲಧಿಕಾರಿಗೂ ಕಾಣುತ್ತದೆ. ಇನ್ನೊಂದು ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯ. ವ್ಯಾಪಾರಿ ಮಧ್ಯವರ್ತಿಗೆ ದುಡ್ಡು ಕೊಡುವುದು ಬಹಳ ಸಲ ಕೆಲಸ ಮಾಡಿಸಿಕೊಳ್ಳಲಿಕ್ಕಲ್ಲ, 'ನನ್ನ ಅರ್ಜಿ ಏನಾಯಿತು' ಅಂತ ತಿಳಿಯಲಿಕ್ಕೆ. ಆ ಸುದ್ದಿ ಪುಕ್ಕಟೆ ಸಿಕ್ಕರೆ ಮಧ್ಯವರ್ತಿಯ ಅರ್ಧ ವ್ಯಾಪಾರ ಅಲ್ಲಿಗೇ ಮುಗಿಯಿತು. ನಿಮ್ಮ ಸಂಘ ಒಂದೇ ಒಂದು ಬೇಡಿಕೆ ಇಡುವುದಾದರೆ ಇದನ್ನೇ ಇಡಿ ಅಂತ ನಾನು ಹೇಳುತ್ತೇನೆ: ಪ್ರತಿಯೊಂದು ಅರ್ಜಿಯ ಹಂತ, ಅದನ್ನು ನೋಡುತ್ತಿರುವವರ ಹೆಸರು, ಕೊನೆಯ ದಿನಾಂಕ. ಜೊತೆಗೆ ಬೇಕಾದ ದಾಖಲೆಗಳ ಪೂರ್ತಿ ಪಟ್ಟಿ ಮೊದಲ ದಿನವೇ ಕೈಗೆ ಬರಬೇಕು. ಮೂರನೇ ಸಲ ಹೋದಾಗ "ಇನ್ನೊಂದು ಕಾಗದ ಬೇಕಿತ್ತಲ್ಲ" ಅನ್ನುವುದಕ್ಕೆ ಅವಕಾಶವೇ ಇರಬಾರದು.

ಈಗ ಟೆಂಡರ್. ಯಾವ ನಗರದಲ್ಲಾದರೂ ದೊಡ್ಡ ಗಿರಾಕಿ ಅಂದರೆ ಪಾಲಿಕೆಯೇ. ಪೀಠೋಪಕರಣ, ಸಮವಸ್ತ್ರ, ಬಲ್ಬು, ಪೈಪು, ಮುದ್ರಣ, ವಾಹನ ದುರಸ್ತಿ, ಕಸ ಸಾಗಣೆ, ಸಾಫ್ಟ್‌ವೇರ್ ಎಲ್ಲವನ್ನೂ ಅದು ಕೊಳ್ಳುತ್ತದೆ. ಈ ಖರೀದಿ ಯಾರ ಪಾಲಾಗುತ್ತದೆ ಅನ್ನುವುದರ ಮೇಲೆ ಊರಿನ ಎಷ್ಟೋ ಉದ್ಯಮಗಳ ಹಣೆಬರಹ ನಿಂತಿರುತ್ತದೆ.

ಸ್ಲೊವಾಕಿಯಾದಲ್ಲಿ 2007ರಲ್ಲಿ ಒಂದು ಟೆಂಡರ್ ಪ್ರಕಟಣೆ ಬಂತು. ಸುಮಾರು 12 ಕೋಟಿ ಯೂರೊ ಮೊತ್ತದ್ದು. ಪ್ರಕಟಿಸಿದ್ದು ಎಲ್ಲಿ ಗೊತ್ತೇ? ಒಂದು ಸಚಿವಾಲಯದ ಒಳಗೆ, ಹೊರಗಿನವರು ಸಾಮಾನ್ಯವಾಗಿ ಓಡಾಡದ ಪಡಸಾಲೆಯ ನೋಟಿಸ್ ಬೋರ್ಡಿನ ಮೇಲೆ. ಪ್ರಕಟಣೆ ಹಾಕಿದ್ದೇವೆ ಅಂತ ಕಾಗದದ ಮೇಲೆ ತೋರಿಸಬಹುದಿತ್ತು. ಓದಬೇಕಾದವರು ಯಾರೂ ಓದುವಂತಿರಲಿಲ್ಲ. ಆ ಹಗರಣ ದೊಡ್ಡ ಸುದ್ದಿಯಾಯಿತು. 2011ರ ಜನವರಿ 1ರಿಂದ ಆ ದೇಶದಲ್ಲಿ ಹೊಸ ಕಾನೂನು ಬಂತು. ಸರ್ಕಾರ, ಸ್ಥಳೀಯ ಸಂಸ್ಥೆ ಯಾರೇ ಆಗಲಿ, ಮಾಡಿಕೊಂಡ ಒಪ್ಪಂದವನ್ನು ಇಂಟರ್ನೆಟ್‌ನಲ್ಲಿ ಪ್ರಕಟಿಸುವ ತನಕ ಅದು ಜಾರಿಗೇ ಬರುವುದಿಲ್ಲ. ಮೂರು ತಿಂಗಳೊಳಗೆ ಪ್ರಕಟಿಸದಿದ್ದರೆ ಒಪ್ಪಂದವೇ ಆಗಿಲ್ಲ ಅಂತ ಲೆಕ್ಕ. ಈ ಕಾನೂನಿನ ಜಾಣತನ ನೋಡಿ. ಪ್ರಕಟಿಸದ ಅಧಿಕಾರಿಗೆ ದಂಡ ಹಾಕುತ್ತೇವೆ ಅಂದಿದ್ದರೆ ಯಾರೋ ಒಬ್ಬರು ಕೇಸು ಹಾಕಬೇಕಿತ್ತು, ವರ್ಷಗಟ್ಟಲೆ ಎಳೆಯುತ್ತಿತ್ತು. ಇಲ್ಲಿ ಗುತ್ತಿಗೆದಾರರೇ ಬೆನ್ನು ಹತ್ತಿ ಪ್ರಕಟಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಅವರಿಗೇ ದುಡ್ಡು ಬರುವುದಿಲ್ಲ.

ಉಕ್ರೇನಿನಲ್ಲಿ 2014ರ ಚಳವಳಿಯ ನಂತರ ಸ್ವಯಂಸೇವಕರು ಸೇರಿ ಪ್ರೊಜೊರೊ ಅನ್ನುವ ಖರೀದಿ ವ್ಯವಸ್ಥೆ ಕಟ್ಟಿದರು. 2016ರಲ್ಲಿ ಅದು ಎಲ್ಲ ಸರ್ಕಾರಿ ಸಂಸ್ಥೆಗಳಿಗೂ ಕಡ್ಡಾಯವಾಯಿತು. ಹರಾಜು ಆನ್‌ಲೈನಿನಲ್ಲಿ ನಡೆಯುತ್ತದೆ. ಅದು ಮುಗಿದ ಮೇಲೆ ಯಾರು ಎಷ್ಟು ಕೂಗಿದರು, ಯಾವ ದಾಖಲೆ ಕೊಟ್ಟರು ಎಲ್ಲರಿಗೂ ತೆರೆದುಕೊಳ್ಳುತ್ತದೆ. ಸೋತವರು ತಾವು ಯಾಕೆ ಸೋತೆವು ಅಂತ ನೋಡಬಹುದು. ಸಣ್ಣವರಿಗೆ ಇದು ಬಹಳ ದೊಡ್ಡ ವಿಷಯ. ಸೋತದ್ದು ಬೆಲೆಯಲ್ಲೋ, ದಾಖಲೆಯಲ್ಲೋ, ಮೊದಲೇ ಬೇರೆಯವರಿಗೆ ನಿಗದಿಯಾಗಿತ್ತೋ ತಿಳಿದರೆ ತಾನೇ ಮುಂದಿನ ಸಲ ಹಾಕಬೇಕೋ ಬೇಡವೋ ಅಂತ ಯೋಚಿಸಬಹುದು? ಕಾರಣ ಗೊತ್ತಾಗದೆ ಎರಡು ಸಲ ಸೋತವರು ಮೂರನೇ ಸಲ ಬರುವುದಿಲ್ಲ.

ಆದರೂ ನಾನು ಮೊದಲು ಹೇಳಿದ 'ಮುಂಚೆ' ಅನ್ನುವ ಮಾತು ಇಲ್ಲೂ ಗೆಲ್ಲುತ್ತದೆ. ಮೋನಿಕಾ ಬೌರ್ ಮತ್ತು ಜೊತೆಗಾರರು ಯೂರೋಪಿನ ಲಕ್ಷಾಂತರ ಸರ್ಕಾರಿ ಗುತ್ತಿಗೆಗಳನ್ನು ಜಾಲಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇದನ್ನೇ. ಟೆಂಡರ್‌ಗೆ ಮುಂಚೆ ಕೊಡುವ ಮಾಹಿತಿ ಒಬ್ಬರೇ ಬಿಡ್ ಹಾಕುವ ಪರಿಸ್ಥಿತಿಯನ್ನು ಕಡಿಮೆ ಮಾಡುತ್ತದೆ. ಆಮೇಲೆ ಕೊಡುವ ಮಾಹಿತಿಯಿಂದ ಅಷ್ಟು ಪರಿಣಾಮ ಇಲ್ಲ. ಯಾವ ಕೆಲಸ, ಯಾವ ಗುಣಮಟ್ಟ, ಯಾವ ಅರ್ಹತೆ, ಹೇಗೆ ಅಂಕ ಕೊಡುತ್ತಾರೆ ಎಲ್ಲ ಸಾಕಷ್ಟು ದಿನ ಮೊದಲೇ ತಿಳಿದರೆ ಬಿಡ್ ಹಾಕುವವರು ತಾವಾಗಿಯೇ ಜಾಸ್ತಿಯಾಗುತ್ತಾರೆ. ಹಾಗಾಗಿ ಮುಂದಿನ ವರ್ಷ ಪಾಲಿಕೆ ಏನೇನು ಕೊಳ್ಳಲಿದೆ ಅನ್ನುವ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಕೇಳಿ. ಆ ಪಟ್ಟಿ ಕೈಯಲ್ಲಿದ್ದರೆ ಒಬ್ಬ ಸಣ್ಣ ಉದ್ಯಮಿ ಯಂತ್ರ ಕೊಳ್ಳಬಹುದು, ಇಬ್ಬರು ಸೇರಿ ಬಿಡ್ ಹಾಕಲು ಮಾತಾಡಿಕೊಳ್ಳಬಹುದು, ಬೇಕಾದ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಬಹುದು. ಏಳು ದಿನದ ಗಡುವಿನ ಟೆಂಡರ್‌ಗೆ ಸಿದ್ಧವಾಗುವುದು ಮೊದಲೇ ಸುದ್ದಿ ಇದ್ದವರಿಗೆ ಮಾತ್ರ ಸಾಧ್ಯ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಸಂಖ್ಯೆಗಳನ್ನೂ ಬಯಲು ಮಾಡಿದರೆ ಒಳ್ಳೆಯದೇ ಆಗುತ್ತದೆ ಅಂತ ತಿಳಿಯಬೇಡಿ. ಡೆನ್ಮಾರ್ಕಿನಲ್ಲಿ 1993ರಿಂದ ಸ್ಪರ್ಧಾ ಪ್ರಾಧಿಕಾರ ರೆಡಿಮಿಕ್ಸ್ ಕಾಂಕ್ರೀಟ್ ಕಂಪನಿಗಳು ಗಿರಾಕಿಗಳಿಗೆ ನಿಜವಾಗಿ ಹಾಕುತ್ತಿದ್ದ ಬೆಲೆಯನ್ನು ಪ್ರಕಟಿಸತೊಡಗಿತು. ಸ್ಪರ್ಧೆ ಹೆಚ್ಚಿ ಬೆಲೆ ಇಳಿಯಲಿ ಅನ್ನುವುದು ಉದ್ದೇಶ. ಒಂದು ವರ್ಷದೊಳಗೆ ಬೆಲೆ ಶೇಕಡಾ 15ರಿಂದ 20ರಷ್ಟು ಏರಿತು. ಕೆಲವೇ ಕಂಪನಿಗಳಿದ್ದ ಮಾರುಕಟ್ಟೆ ಅದು. ಯಾರು ಯಾರಿಗೆ ರಿಯಾಯಿತಿ ಕೊಡುತ್ತಿದ್ದಾರೆ ಅಂತ ಪರಸ್ಪರ ಗೊತ್ತಾಗಿಬಿಟ್ಟಿತು, ಬೆಲೆ ಇಳಿಸುವ ಧೈರ್ಯ ಯಾರೂ ಮಾಡಲಿಲ್ಲ. ಪೈಪೋಟಿದಾರರು ಮೂರು ಮತ್ತೊಬ್ಬರು ಇರುವ ಕಡೆ ಪ್ರತಿಯೊಬ್ಬರ ದರಪಟ್ಟಿಯನ್ನೂ ತಕ್ಷಣ ಬಯಲಿಗಿಟ್ಟರೆ ಒಳಒಪ್ಪಂದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಬಯಲಾಗಬೇಕಾದದ್ದು ಆಡಳಿತದ ನಡವಳಿಕೆ: ನಿಯಮ, ಹಂತ, ಗಡುವು, ಕಾರಣ, ಖರ್ಚು. ಖಾಸಗಿ ವ್ಯಾಪಾರದ ಗುಟ್ಟುಗಳಿಗೆ ರಕ್ಷಣೆ ಬೇಕು. ಹೊಸಬರು ಬಿಡ್ ಹಾಕಲು ಹಿಂಜರಿಯುವುದಕ್ಕೆ ತಮ್ಮ ತಯಾರಿಕೆಯ ವಿಧಾನ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ಭಯವೂ ಒಂದು ಕಾರಣ ಇರಬಹುದು.

ಟೆಂಡರ್ ಗೆದ್ದ ಮೇಲಿನ ಕಥೆಯ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಬಿಲ್ ಪಾಸಾಗುವುದು. ಕೆಲಸ ಮುಗಿದಿದೆ, ಅಳತೆ ಪುಸ್ತಕದಲ್ಲಿ ಬರೆದಾಗಿದೆ, ಎಲ್ಲ ಸಹಿ ಬಿದ್ದಿದೆ, ದುಡ್ಡು ಮಾತ್ರ ಬಂದಿಲ್ಲ. ದೊಡ್ಡ ಗುತ್ತಿಗೆದಾರರು ಆರು ತಿಂಗಳು ತಡೆದುಕೊಳ್ಳುತ್ತಾರೆ. ಹತ್ತು ಜನರಿಗೆ ವಾರದ ಕೂಲಿ ಕೊಡಬೇಕಾದವರು ಎರಡನೇ ತಿಂಗಳಿಗೇ ಬಡ್ಡಿಗೆ ಸಾಲ ತರುತ್ತಾರೆ. ಲಾಭ ಅಂತ ಇದ್ದದ್ದು ಬಡ್ಡಿಗೇ ಹೋಗುತ್ತದೆ. ಲಾಭದಲ್ಲಿದ್ದ ಉದ್ಯಮವೂ ಕೈಯಲ್ಲಿ ನಗದಿಲ್ಲದೆ ಮುಚ್ಚಿಹೋಗುವುದು ಹೀಗೇ. ಆಮೇಲೆ ಆ ಗುತ್ತಿಗೆದಾರರು ಪಾಲಿಕೆಯ ಕೆಲಸದ ಹತ್ತಿರವೂ ಸುಳಿಯುವುದಿಲ್ಲ. ಸುಳಿಯುವವರು ವಿಳಂಬದ ಬಡ್ಡಿಯನ್ನೂ ಸೇರಿಸಿ ದರ ಹಾಕುತ್ತಾರೆ. ಕೊನೆಗೆ ತೆರಿಗೆ ಕಟ್ಟುವವರ ತಲೆಗೇ ಬರುತ್ತದೆ.

ಯೂರೋಪಿಯನ್ ಒಕ್ಕೂಟ 2011ರಲ್ಲಿ ತಂದ ನಿಯಮದ ಪ್ರಕಾರ ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 30 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಬ್ರಿಟನ್ನಿನಲ್ಲಿ 2015ರ ಖರೀದಿ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಎಷ್ಟು ಶೇಕಡಾ ಬಿಲ್‌ಗಳನ್ನು 30 ದಿನದೊಳಗೆ ತೀರಿಸಿದ್ದೇವೆ ಅಂತ ಸಾರ್ವಜನಿಕ ಸಂಸ್ಥೆಗಳು ಪ್ರಕಟಿಸಬೇಕು ಅಂತ ಹೇಳಿದವು. ನಾನಾದರೆ ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಬಾಕಿ ಬಿಲ್‌ಗಳ ಸರದಿ ಪಟ್ಟಿ ಬಹಿರಂಗವಾಗಿರಲಿ. ಯಾವ ಬಿಲ್ ಯಾವ ದಿನ ಬಂತು, ಯಾವ ನಂಬರಿನಲ್ಲಿ ನಿಂತಿದೆ, ಯಾರದ್ದು ಯಾವಾಗ ಪಾಸಾಯಿತು. ಹಿಂದೆ ಬಂದವರ ಬಿಲ್ ಮುಂದೆ ಹೋದರೆ ಎಲ್ಲರಿಗೂ ಕಾಣಬೇಕು, ಕಾರಣವನ್ನೂ ಬರೆಯಬೇಕು. ದುಡ್ಡು ತಡವಾಗಿ ಬಂದರೂ ಯಾವಾಗ ಬರುತ್ತದೆ ಅಂತ ಖಚಿತವಾಗಿ ಗೊತ್ತಿದ್ದರೆ ಆ ಪಟ್ಟಿಯನ್ನು ತೋರಿಸಿ ಬ್ಯಾಂಕಿನಿಂದ ಕಡಿಮೆ ಬಡ್ಡಿಗೆ ಸಾಲ ಪಡೆಯುವ ಸಾಧ್ಯತೆಯಾದರೂ ತೆರೆಯುತ್ತದೆ.

ತೆರಿಗೆ ಮತ್ತು ಶುಲ್ಕದ ವಿಷಯಕ್ಕೆ ಅಮೆರಿಕದ ಒಂದು ಚಿಕ್ಕ ಊರಿನ ಉದಾಹರಣೆ ಸಾಕು. ಕ್ಯಾಲಿಫೋರ್ನಿಯಾದ ಬೆಲ್. ಸುಮಾರು 35 ಸಾವಿರ ಜನ, ಹೆಚ್ಚಿನವರು ದುಡಿಯುವ ವರ್ಗದವರು. ಊರಿನ ಮುಖ್ಯ ಆಡಳಿತಾಧಿಕಾರಿ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ತೆಗೆದುಕೊಳ್ಳುತ್ತಿದ್ದಾರೆ ಅಂತ 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಅಮೆರಿಕದ ಅಧ್ಯಕ್ಷರ ಸಂಬಳದ ಎರಡು ಪಟ್ಟು ಅದು. ಸುದ್ದಿಯಾದದ್ದು ಸಂಬಳ. ಆದರೆ ರಾಜ್ಯದ ಲೆಕ್ಕಾಧಿಕಾರಿಗಳು ಪರಿಶೀಲನೆಗೆ ಇಳಿದಾಗ ವ್ಯಾಪಾರಿಗಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಸಿಕ್ಕಿತು. ಬಿಸಿನೆಸ್ ಲೈಸೆನ್ಸ್ ತೆರಿಗೆಯನ್ನು ಕಾನೂನಿಗೆ ವಿರುದ್ಧವಾಗಿ ಏರಿಸಿ ವಸೂಲಿ ಮಾಡಿದ್ದರು. ಅಂಗಡಿಯವರು ಕೇಳಿದಷ್ಟು ಕಟ್ಟಿಕೊಂಡೇ ಬಂದಿದ್ದರು, ದರ ಹೇಗೆ ನಿಗದಿಯಾಯಿತು ಅಂತ ತಿಳಿಯುವ ದಾರಿ ಅವರಿಗಿರಲಿಲ್ಲ. "ಅವರ ಲೆಕ್ಕ ಓದಿ ನಾವೇನು ಮಾಡೋದು" ಅಂದ ನಿಮ್ಮ ಸದಸ್ಯರಿಗೆ ಇದನ್ನು ಹೇಳಿ. ಅವರ ಲೆಕ್ಕದ ಒಂದು ಸಾಲು ನಿಮ್ಮ ಲೆಕ್ಕದ ಖರ್ಚಿನ ಸಾಲೇ. ಆ ಹಗರಣದ ನಂತರ ಕ್ಯಾಲಿಫೋರ್ನಿಯಾದ ನಗರಗಳ ಅಧಿಕಾರಿಗಳ ಸಂಬಳವನ್ನು ರಾಜ್ಯವೇ ಇಂಟರ್ನೆಟ್‌ನಲ್ಲಿ ಪ್ರಕಟಿಸತೊಡಗಿತು.

ಕಣ್ಣಿಟ್ಟು ನೋಡುವವರು ಇಲ್ಲದಿದ್ದರೆ ನಗರಕ್ಕೆ ಸಾಲವೂ ದುಬಾರಿ. ಅಮೆರಿಕದಲ್ಲಿ ಸ್ಥಳೀಯ ಪತ್ರಿಕೆಗಳು ಮುಚ್ಚಿದ ಕಡೆ ಸ್ಥಳೀಯ ಆಡಳಿತಗಳ ಸಾಲದ ಬಡ್ಡಿ ಶೇಕಡಾ 0.05ರಿಂದ 0.11ರಷ್ಟು ಏರಿತು ಅಂತ 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನೋಡಲು ಸಣ್ಣ ಸಂಖ್ಯೆ. ಆದರೆ ನಗರಗಳ ಸಾಲದ ಮೊತ್ತಕ್ಕೆ, ಇಪ್ಪತ್ತು ಮೂವತ್ತು ವರ್ಷಕ್ಕೆ ಗುಣಿಸಿ ನೋಡಿ. ಆ ಬಡ್ಡಿ ಕಟ್ಟುವುದು ಆಸ್ತಿ ತೆರಿಗೆಯಿಂದ, ವ್ಯಾಪಾರದ ಶುಲ್ಕದಿಂದ.

ರಸ್ತೆ ಅಗೆತದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಅಂಗಡಿ ಮುಂದೆ ಗುಂಡಿ. ಯಾವ ಇಲಾಖೆ, ಎಷ್ಟು ದಿನ, ಯಾರನ್ನು ಕೇಳಬೇಕು ಒಂದೂ ಗೊತ್ತಿಲ್ಲ. ವರ್ಷದ ದೊಡ್ಡ ವ್ಯಾಪಾರದ ವಾರದಲ್ಲೇ ಹೀಗಾದರೆ ಮುಗಿಯಿತು. ಮೂರು ತಿಂಗಳ ಮೊದಲೇ ಕಾಮಗಾರಿ ವೇಳಾಪಟ್ಟಿ ನಕ್ಷೆಯ ಮೇಲೆ ಕಂಡಿದ್ದರೆ ಸರಕು ಕಡಿಮೆ ತರಿಸಬಹುದಿತ್ತು, ಆರ್ಡರ್ ಮನೆಗೆ ಕಳಿಸುವ ವ್ಯವಸ್ಥೆ ಮಾಡಿಕೊಳ್ಳಬಹುದಿತ್ತು, ದಿನಾಂಕ ಬದಲಿಸಿ ಅಂತ ಒಟ್ಟಾಗಿ ಕೇಳಬಹುದಿತ್ತು. ಪಾಲಿಕೆಗೆ ಇದಕ್ಕೆ ಹೊಸ ಖರ್ಚು ಬೇಕಿಲ್ಲ. ವೇಳಾಪಟ್ಟಿ ಒಳಗೆ ಇದ್ದೇ ಇರುತ್ತದೆ. ಭೂಬಳಕೆ ಬದಲಾವಣೆಗೂ ಇದೇ ಮಾತು. ವಸತಿ ವಲಯ ವಾಣಿಜ್ಯ ವಲಯ ಆಗುತ್ತದೆ ಅಂತ ಕೆಲವರಿಗೆ ಮಾತ್ರ ಮೊದಲೇ ತಿಳಿದರೆ ಅಲ್ಲಿನ ಜಾಗವೆಲ್ಲ ಅವರ ಕೈ ಸೇರಿರುತ್ತದೆ. ನಿಜವಾಗಿ ಅಂಗಡಿ ಇಡುವವರು ಅವರಿಗೆ ಬಾಡಿಗೆ ಕಟ್ಟಿಕೊಂಡು ಕೂರಬೇಕು.

ಕೆಲವೊಮ್ಮೆ ಮಾಹಿತಿಯೇ ಹೊಸ ವ್ಯಾಪಾರಕ್ಕೆ ಕಚ್ಚಾಮಾಲು ಆಗುತ್ತದೆ. ಲಂಡನ್ನಿನ ಸಾರಿಗೆ ಸಂಸ್ಥೆ ಬಸ್ಸು, ರೈಲುಗಳ ಆ ಕ್ಷಣದ ಮಾಹಿತಿಯನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ಅದನ್ನು ಬಳಸಿ ಹೊರಗಿನವರು 600ಕ್ಕೂ ಹೆಚ್ಚು ಆ್ಯಪ್ ಮಾಡಿದರು. ಇದರಿಂದ ಪ್ರಯಾಣಿಕರಿಗೆ, ನಗರಕ್ಕೆ, ಸಂಸ್ಥೆಗೆ ಒಟ್ಟು ವರ್ಷಕ್ಕೆ 13 ಕೋಟಿ ಪೌಂಡ್‌ವರೆಗೆ ಲಾಭ ಅಂತ 2017ರಲ್ಲಿ ಡೆಲಾಯ್ಟ್ ಅನ್ನುವ ಸಲಹಾ ಸಂಸ್ಥೆ ಅಂದಾಜು ಮಾಡಿತು. ಎಲ್ಲ ನಗರಕ್ಕೂ ಈ ಪ್ರಮಾಣ ಸಿಗುವುದಿಲ್ಲ. ಸಣ್ಣ ನಗರದಲ್ಲಿ ಇದನ್ನು ಮೊದಲ ಆದ್ಯತೆ ಮಾಡಿಕೊಳ್ಳುವುದು ಬೇಡ.

ಇನ್ನು ನಿಮ್ಮ ಪಾಲಿಕೆ ಈಗ ಹಾಕುತ್ತಿರುವುದನ್ನು ಪರೀಕ್ಷಿಸುವುದು ಹೇಗೆ? ಸುಮ್ನೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಸದಸ್ಯರಲ್ಲಿ ಒಬ್ಬರನ್ನು ಕೂರಿಸಿ, ಹೊಸದಾಗಿ ಲೈಸೆನ್ಸ್ ಪಡೆಯಲು ಯಾವ ಕಾಗದ, ಎಷ್ಟು ಶುಲ್ಕ, ಎಷ್ಟು ದಿನ ಅಂತ ಆ ವೆಬ್‌ಸೈಟಿನಿಂದಲೇ ಹುಡುಕಿಸಿ. ಯಾರಿಗೂ ಫೋನ್ ಮಾಡುವಂತಿಲ್ಲ. ಅರ್ಧ ಗಂಟೆಯಲ್ಲಿ ಸಿಗದಿದ್ದರೆ ಅಲ್ಲಿರುವುದು ಪ್ರದರ್ಶನಕ್ಕೆ ಇಟ್ಟ ಕಾಗದ. ಬಜೆಟ್ ಇದ್ದರೆ, ಅದರಲ್ಲಿ ನಿಮ್ಮ ವಾರ್ಡಿಗೆ ಎಷ್ಟು ಅಂತ ಹುಡುಕಿ. ಓರೆಯಾಗಿ ಸ್ಕ್ಯಾನ್ ಆದ 400 ಪುಟದ ಕಡತದಲ್ಲಿ ಹುಡುಕಲು ಆಗುವುದಿಲ್ಲ, ಕೂಡಿ ಕಳೆಯಲು ಆಗುವುದಿಲ್ಲ. ಸಂಖ್ಯೆಗಳನ್ನು ಎಕ್ಸೆಲ್‌ನಂಥ ಕಡತದಲ್ಲಿ ಕೊಡಿ ಅಂತ ಕೇಳಿ. ಸಭೆಯ ಕಾರ್ಯಸೂಚಿ ಸಭೆ ಆದ ಮೇಲೆ ಬರುತ್ತಿದ್ದರೆ ದಿನಾಂಕ ಬರೆದಿಟ್ಟುಕೊಳ್ಳಿ, ಮುಂದೆ ಮಾತಾಡುವಾಗ ಬೇಕಾಗುತ್ತದೆ.

ನಿಮ್ಮ ಸಂಘಕ್ಕೂ ಒಂದು ಮಾತು ಹೇಳಬೇಕು, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನೀವು ಗಟ್ಟಿಯಾಗುತ್ತಾ ಹೋದ ಹಾಗೆ ಅಧಿಕಾರಿಗಳು ನಿಮ್ಮನ್ನು ಒಳಗೆ ಕರೆದು ಕೂರಿಸಿ ಮಾತಾಡುತ್ತಾರೆ. ಹೊರಗೆ ಬರುವ ಮುಂಚೆಯೇ ಕರಡು ತೋರಿಸುತ್ತಾರೆ. ಅದು ಹಿತವಾಗಿರುತ್ತದೆ. ಆದರೆ ಆ ಹೊತ್ತಿಗೆ ಒಳಗಿನ ಸುದ್ದಿ ಇರುವ ಕೆಲವರಲ್ಲಿ ನೀವೂ ಒಬ್ಬರಾಗಿರುತ್ತೀರಿ. ಸದಸ್ಯರಲ್ಲದ, ನಾಳೆ ಹೊಸದಾಗಿ ಶುರು ಮಾಡಬೇಕಾದ ಹುಡುಗನೋ ಹುಡುಗಿಯೋ ಬಾಗಿಲ ಹೊರಗೆ ಉಳಿಯುತ್ತಾರೆ. ಚಿಲಿ ದೇಶದ 2014ರ ಕಾನೂನಿನಲ್ಲಿ ಮೇಯರ್, ನಗರಸಭೆ ಸದಸ್ಯರು, ಕಾಮಗಾರಿ ವಿಭಾಗದ ಮುಖ್ಯಸ್ಥರು ಸಹ ತಮ್ಮ ಮುಂದೆ ಅಹವಾಲು ಇಟ್ಟವರ ಜೊತೆಗಿನ ಸಭೆಗಳನ್ನು ಪ್ರಕಟಿಸಬೇಕು. ಯಾರ ಜೊತೆ, ಯಾವಾಗ, ಯಾವ ವಿಷಯಕ್ಕೆ ಅನ್ನುವುದೆಲ್ಲ ಗೊತ್ತಾಗಬೇಕು. ನಿಮ್ಮಲ್ಲಿ ಅಂಥ ಕಾನೂನು ಇರಲಿ ಬಿಡಲಿ, ನಿಮ್ಮ ಸಭೆಯ ವಿವರವನ್ನು ನೀವೇ ಹಾಕಿ. ಆಗ ಪಾಲಿಕೆಗೆ "ನೀವೂ ಹಾಕಿ" ಅನ್ನುವಾಗ ಧ್ವನಿಗೆ ತೂಕ ಬರುತ್ತದೆ.

ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ಹತ್ತು ಬೇಡಿಕೆ ಇಟ್ಟರೆ ಅವರಿಗೆ ಸುಲಭವಾದದ್ದನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಮೊದಲು ಅರ್ಜಿಯ ಹಂತ ಕಾಣುವ ವ್ಯವಸ್ಥೆ, ಅದೂ ಒಂದೇ ಬಗೆಯ ಲೈಸೆನ್ಸಿಗೆ, ದೂರು ಯಾವುದರಲ್ಲಿ ಜಾಸ್ತಿಯೋ ಅದಕ್ಕೆ. ಆರು ತಿಂಗಳು ನಡೆಯಲಿ. ಎಷ್ಟು ಅರ್ಜಿ ಬಂತು, ಎಷ್ಟು ಗಡುವಿನೊಳಗೆ ಮುಗಿಯಿತು ಅಂತ ಪಾಲಿಕೆಯೇ ಪ್ರಕಟಿಸಲಿ. ನಿಮ್ಮ ಸದಸ್ಯರೂ ತಮ್ಮ ಅರ್ಜಿಯ ದಿನಾಂಕಗಳನ್ನು ಬರೆದಿಟ್ಟುಕೊಳ್ಳಲಿ. ಎರಡು ಲೆಕ್ಕ ತಾಳೆಯಾದರೆ ಬಾಕಿ ಬಿಲ್‌ಗಳ ಸರದಿ ಪಟ್ಟಿಗೆ ಹೋಗಿ. ತಾಳೆಯಾಗದಿದ್ದರೆ ಎಲ್ಲಿ ತಪ್ಪಿತು ಅನ್ನುವುದನ್ನೇ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲು ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ.